ಎಂಟು ಗಂಟೆಯ ಕೂಗು

ನಮ್ಮ ದೊಡ್ಡಮ್ಮನಿಗೆ ಪಿಸುಗುಟ್ಟಲು ಬರುತ್ತಿರಲಿಲ್ಲ. ಹೀಗೆಂದರೆ ಬಹಳ ಜನ ನಂಬುವುದಿಲ್ಲ. ಪಿಸುಗುಟ್ಟಲು ಬಾರದವರೂ ಇರುತ್ತಾರೆಯೇ ಎಂದು ಕೇಳುತ್ತಾರೆ. ಅವರು ಅವಳ ಪಕ್ಕದಲ್ಲಿ ಕೂತಿಲ್ಲ, ಅಷ್ಟೇ. ಹರೆಯದಲ್ಲಿ ವಿದ್ಯುತ್ ಮಗ್ಗದ ಶೆಡ್ಡಿಗೆ ಸೇರಿದವಳು ತಲೆ ನೆರೆಯುವವರೆಗೂ ಅಲ್ಲೇ ದುಡಿದಳು. ಸಾಲು ಮಗ್ಗಗಳು ಒಟ್ಟಿಗೆ ಖಟಖಟ ಎನ್ನುವಾಗ ಎದುರಿಗೆ ನಿಂತವಳಿಗೆ ನೂಲು ಕಿತ್ತಿದೆ ಎಂದು ತಿಳಿಸಬೇಕಾದರೂ ಹೊಟ್ಟೆಯಿಂದ ಕೂಗಬೇಕು. ಕೂಗಿ ಕೂಗಿ ಗಂಟಲು ಅದಕ್ಕೇ ಪಳಗಿತು, ಕಿವಿ ಅರ್ಧ ಹೋಯಿತು. ಶೆಡ್ಡಿಗೆ ಬೀಗ ಬಿದ್ದ ಮೇಲೂ ದೊಡ್ಡಮ್ಮ ಮಗ್ಗಗಳ ನಡುವೆ ನಿಂತವಳಂತೆಯೇ ಮಾತಾಡುತ್ತಿದ್ದಳು. ಊರವರು ಮೈಕಮ್ಮ ಎಂದು ಹೆಸರಿಟ್ಟರು. ಅವಳು ಬೇಸರ ಮಾಡಿಕೊಳ್ಳಲಿಲ್ಲ. "ಮೈಕಿಗೆ ಕರೆಂಟ್ ಬೇಕು, ನನಗೆ ಅದೂ ಬೇಡ" ಎಂದು ಜಂಭ ಕೊಚ್ಚಿದಳು.

ಮಕ್ಕಳಿಲ್ಲದ ಅವಳು ನನ್ನನ್ನು ಸಾಕಿದವಳು. ನಾನು ಅದೇ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದೇನೆ. ಕಿಟಕಿಯಾಚೆ ಬೀದಿ, ಬೀದಿಯ ಮಧ್ಯೆ ನೀರಿನ ಟ್ಯಾಂಕು, ಟ್ಯಾಂಕಿನಾಚೆ ಹಾಲಿನಜ್ಜಿಯ ಮನೆ, ತುದಿಯಲ್ಲಿ ಲಾರಿಗಳೂ ನಿಲ್ಲುವ ಬಸ್ ನಿಲ್ದಾಣ. ನಾನು ಹೊಲಿಗೆ ಹಾಕುತ್ತಲೇ ಇಷ್ಟನ್ನೂ ನೋಡಬಹುದು. ಕೇಳಲು ಮಾತ್ರ ಕಿಟಕಿ ಬೇಕಾಗಿರಲಿಲ್ಲ, ದೊಡ್ಡಮ್ಮ ಇದ್ದಳು.

ಶೆಡ್ಡು ಮುಚ್ಚಿದ ವರ್ಷವೇ ಇಟ್ಟಿಗೆ ಭಟ್ಟಿಯ ಕೆಲಸಗಾರನೊಬ್ಬನ ಸುದ್ದಿ ಊರಲ್ಲಿ ಹಬ್ಬಿತು. ಅವನಿಗೆ ಎಚ್‌ಐವಿ ಇದೆಯಂತೆ. ಯಾರು ಹೇಳಿದರು, ಯಾರಿಗೆ ಹೇಳಿದರು, ಒಂದೂ ಗೊತ್ತಿಲ್ಲ. ಸಂಜೆಯೊಳಗೆ ಚಹಾ ಅಂಗಡಿಯವನು ಅವನಿಗೆ ಲೋಟ ಕೊಡುವುದನ್ನು ನಿಲ್ಲಿಸಿದ. ಅವನ ಹೆಂಡತಿ ಟ್ಯಾಂಕಿಗೆ ಬಂದರೆ ಉಳಿದವರು ಕೊಡ ಎತ್ತಿಕೊಂಡು ದೂರ ಸರಿದರು. ಅವರ ಮಗಳನ್ನು ಶಾಲೆಯಲ್ಲಿ ಕೊನೆಯ ಬೆಂಚಿಗೆ ಕಳಿಸಿದರು, ಆಮೇಲೆ ಆ ಬೆಂಚೂ ಖಾಲಿಯಾಯಿತು. ಒಂದು ಬೆಳಗ್ಗೆ ನೋಡಿದರೆ ಮನೆಗೆ ಬೀಗ. ಎಲ್ಲಿಗೆ ಹೋದರೋ ಯಾರೂ ವಿಚಾರಿಸಲಿಲ್ಲ. "ಅವರು ಹೋಗಿದ್ದಲ್ಲ ಕಣೇ, ನಾವು ಓಡಿಸಿದ್ದು" ಎಂದು ದೊಡ್ಡಮ್ಮ ಒಲೆಯ ಮುಂದೆ ಕೂತು ಅತ್ತಳು. ಅವಳ ಅಳು ಎಷ್ಟು ದೂರ ಕೇಳಿಸಿತೆಂದು ನಾನು ಹೇಳುವುದಿಲ್ಲ. ಆರೋಗ್ಯ ಕೇಂದ್ರದವರು ಊರಿಗೊಬ್ಬ ಕಾರ್ಯಕರ್ತೆ ಬೇಕು ಎಂದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಅವಳೇ.

ತರಬೇತಿಯಲ್ಲಿ ನರ್ಸಮ್ಮ ಎಲ್ಲ ಕಲಿಸಿದರು. ಇದು ಹೇಗೆ ಬರುತ್ತದೆ, ಹೇಗೆ ಬರುವುದಿಲ್ಲ, ಕಾಂಡೋಮ್ ಯಾಕೆ ಬೇಕು, ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಯಾಕೆ ಬೇಡ, ಮಾತ್ರೆ ತಪ್ಪದೆ ನುಂಗಿದರೆ ಎಲ್ಲರ ಹಾಗೆ ದುಡಿದು ತಿಂದು ಬದುಕಬಹುದು. ದೊಡ್ಡಮ್ಮ ಎಲ್ಲವನ್ನೂ ಗಟ್ಟಿಮಾಡಿದಳು. ಕೊನೆಯ ಪಾಠದಲ್ಲಿ ಮಾತ್ರ ಸಿಕ್ಕಿಬಿದ್ದಳು. ಯಾರಿಗೆ ಇದೆ ಎನ್ನುವುದು ಅವರ ಗುಟ್ಟು, ಹೇಳುವುದಿದ್ದರೆ ಅವರ ಕಿವಿಯಲ್ಲಿ ಮಾತ್ರ ಹೇಳಬೇಕು ಎಂದರಂತೆ ನರ್ಸಮ್ಮ. ಮನೆಗೆ ಬಂದು ಅಭ್ಯಾಸ ಶುರುಮಾಡಿದಳು. ನನ್ನನ್ನು ಜಗಲಿಯಲ್ಲಿ ನಿಲ್ಲಿಸಿ ಒಳಗಿನಿಂದ ಪಿಸುಗುಟ್ಟಿದಳು. ಕೇಳಿಸಿತು. ಟ್ಯಾಂಕಿನ ಹತ್ತಿರ ಕಳಿಸಿದಳು. ಕೇಳಿಸಿತು. "ಈಗ ಬಸ್ ನಿಲ್ದಾಣಕ್ಕೆ ಹೋಗು" ಎಂದಳು. ನಾನು ಹೋಗುವ ಮೊದಲೇ ಅಲ್ಲಿಂದ ಕಂಡಕ್ಟರು "ನಂಗೂ ಕೇಳಿಸ್ತಿದೆ ಮೈಕಮ್ಮಾ!" ಎಂದ. ಅವತ್ತು ಅವಳು ಊಟ ಸರಿಯಾಗಿ ಮಾಡಲಿಲ್ಲ.

ಆ ಭಯ ಸುಳ್ಳಾಗಿರಲಿಲ್ಲ. ಅಂಚೆಯವನ ಮನೆಗೆ ಯಾವುದೋ ಮುಲಾಮು ಕೊಡಲು ಹೋದವಳು ಬಾಗಿಲಲ್ಲಿ ನಿಂತು ತನ್ನ ಲೆಕ್ಕದಲ್ಲಿ ಬಹಳ ಮೆಲ್ಲಗೆ, "ನೀವು ಹೆದರಬೇಡಿ, ನಿಮ್ಮ ವಿಷ್ಯ ನಾನು ಯಾರಿಗೂ ಹೇಳಲ್ಲ!" ಎಂದಳು. ಇಡೀ ಬೀದಿ ಕಿವಿ ನಿಮಿರಿಸಿತು. ಆ ಮನುಷ್ಯನಿಗೆ ಇದ್ದದ್ದು ಮೂಲವ್ಯಾಧಿ. ಆದರೆ ಒಂದು ವಾರ ಊರು ಅವನ ಮೇಲೆ ಏನೇನು ಕಥೆ ಕಟ್ಟಿತೆಂದರೆ, ಕೊನೆಗೆ ಅವನೇ ಚಹಾ ಅಂಗಡಿಯ ಮುಂದೆ ನಿಂತು, ತನಗೆ ಏನಾಗಿದೆ, ಎಲ್ಲಿ ಆಗಿದೆ ಎಂದು ಬಾಯಿಬಿಟ್ಟು ಹೇಳಿಕೊಳ್ಳಬೇಕಾಯಿತು. ನಾವೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ದೊಡ್ಡಮ್ಮ ನಗಲಿಲ್ಲ. ಅವನ ಜಾಗದಲ್ಲಿ ಭಟ್ಟಿಯವನಂಥ ಇನ್ನೊಬ್ಬನಿದ್ದಿದ್ದರೆ ಎಂದು ಯೋಚಿಸುತ್ತಿದ್ದಳು.

ಇನ್ನೊಬ್ಬ ಬರಲಿಲ್ಲ, ಇನ್ನೊಬ್ಬಳು ಬಂದಳು. ಹಾಲಿನಜ್ಜಿಯ ಸೊಸೆ. ಈಗ ಇದನ್ನು ನಾನು ಹೇಳಬಹುದು, ಯಾಕೆಂದರೆ ಅವಳೇ ಎಲ್ಲರ ಮುಂದೆ ಹೇಳಿಕೊಂಡಾಗಿದೆ. ಆಗ ನನಗೇ ಗೊತ್ತಿರಲಿಲ್ಲ. ದೊಡ್ಡಮ್ಮ ಮತ್ತು ನಾನು ಒಂದೇ ಚಾಪೆಯಲ್ಲಿ ಮಲಗುತ್ತಿದ್ದೆವು, ಆದರೂ ಅವಳು ತುಟಿ ಪಿಟಕ್ಕೆನ್ನಲಿಲ್ಲ.

ಆ ಸೊಸೆ ದೊಡ್ಡಮ್ಮನಿಗೆ ಪೂರ್ತಿ ತದ್ವಿರುದ್ಧ. ತರಕಾರಿಯವನು ಅವಳನ್ನು "ಏನಂದ್ರಿ?" ಎಂದು ಎರಡು ಸಲ ಕೇಳದೆ ಏನನ್ನೂ ತೂಗಿದ್ದಿಲ್ಲ. ಗಂಡ ಲಾರಿ ಓಡಿಸುವವನು, ಮನೆಯಲ್ಲಿ ಇರುವುದಕ್ಕಿಂತ ರಸ್ತೆಯಲ್ಲಿ ಇರುವುದೇ ಹೆಚ್ಚು. ಮನೆ ನಡೆಯುವುದು ಅತ್ತೆಯ ಎಮ್ಮೆಗಳಿಂದ. ಬಸುರಿಯಾದಾಗ ದೊಡ್ಡಮ್ಮನೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಬಸುರಿಯರಿಗೆಲ್ಲ ಮಾಡುವ ರಕ್ತಪರೀಕ್ಷೆಯಲ್ಲಿ ಎಚ್‌ಐವಿ ಇದೆ ಎಂದು ಬಂತು. ಗಂಡನನ್ನೂ ಕರೆಸಿದರು, ಅವನಿಗೂ ಇತ್ತು. ಅವನು ಆಸ್ಪತ್ರೆಯ ಗೋಡೆಗೆ ಹಣೆ ಒತ್ತಿಕೊಂಡು ಅತ್ತನಂತೆ. ನಿನಗೆ ಸಿಟ್ಟು ಬರಲಿಲ್ಲವೇ ಎಂದು ನಾನು ಆಮೇಲೊಮ್ಮೆ ಅವಳನ್ನು ಕೇಳಿದ್ದೆ. "ಬಂತು, ಕೂಗೋಕೆ ಬರ್ಲಿಲ್ಲ" ಎಂದಳು.

ದಾರಿ ಇತ್ತು. ತಾಯಿ ದಿನವೂ ಒಂದೇ ಹೊತ್ತಿಗೆ ಮಾತ್ರೆ ನುಂಗಬೇಕು, ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು, ಹುಟ್ಟಿದ ಮೇಲೆ ಮಗುವಿಗೆ ಕೆಲವು ವಾರ ಔಷಧಿಯ ಹನಿ ಹಾಕಬೇಕು. ಹೀಗೆ ಮಾಡಿದರೆ ಮಗುವಿಗೆ ಬಾರದಂತೆ ತಡೆಯುವ ಸಾಧ್ಯತೆ ತುಂಬಾ ಹೆಚ್ಚು ಎಂದರು ಡಾಕ್ಟರು. ಆದರೆ ಮಾತ್ರೆಯ ಡಬ್ಬಿಯನ್ನು ಅತ್ತೆಯ ಕಣ್ಣು ತಪ್ಪಿಸಿ ಎಲ್ಲಿಡುವುದು, ಯಾವಾಗ ನುಂಗುವುದು? ಸುದ್ದಿ ಹೊರಗೆ ಬಿದ್ದರೆ ಆ ಮನೆಯ ಹಾಲನ್ನು ಯಾರು ಕೊಳ್ಳುತ್ತಾರೆ? ಭಟ್ಟಿಯವರ ಬೀಗ ಹಾಕಿದ ಬಾಗಿಲು ಅವಳ ಅಡುಗೆಮನೆಯ ಕಿಂಡಿಯಿಂದ ದಿನವೂ ಕಾಣುತ್ತಿತ್ತು. "ನನಗೆ ಬೇಡ ಮೈಕಮ್ಮ, ಮಾತ್ರೆ ಬೇಡ. ಗೊತ್ತಾದ್ರೆ ನಮ್ಮನ್ನ ಬದುಕೋಕೆ ಬಿಡಲ್ಲ" ಎಂದಳಂತೆ, ಎಂದಿನಂತೆ ಕೇಳಿಸದ ಹಾಗೆ. ದೊಡ್ಡಮ್ಮನ ಅರ್ಧ ಕಿವಿಗೆ ಅದು ಪೂರ್ತಿ ಕೇಳಿಸಿತು.

ಅದಾದ ಮೇಲೆ ದೊಡ್ಡಮ್ಮ ಎರಡು ದಿನ ಮಾತಾಡಲಿಲ್ಲ. ನಾನು ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡಿದೆ. ಮೂರನೆಯ ದಿನ ಬೆಳಗ್ಗೆ ಎದ್ದವಳೇ, ಶಾಲೆಯ ಸಮವಸ್ತ್ರ ಹೊಲಿದು ಉಳಿದ ನೀಲಿ ಚೌಕಳಿ ಬಟ್ಟೆಯನ್ನೆಲ್ಲ ನನ್ನ ಮುಂದೆ ಸುರಿದಳು.

"ಇದ್ರಲ್ಲಿ ಸಣ್ಣ ಸಣ್ಣ ಚೀಲ ಹೊಲಿ. ಬಾಯಿಗೆ ದಾರ ಇರ್ಲಿ. ಎಲ್ಲಾ ಒಂದೇ ಥರ ಇರ್ಬೇಕು, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಾಣ್ಬಾರ್ದು."

"ಎಷ್ಟು ಬೇಕು?"

"ಬೀದಿಯಲ್ಲಿ ಎಷ್ಟು ಜನ ಇದ್ದಾರೋ ಅಷ್ಟು."

"ಯಾಕೆ?"

"ಹೊಲಿ ಅಂದ್ರೆ ಹೊಲಿ. ನಿನ್ನ ಹತ್ರ ಯಾಕೆ ಅನ್ನೋ ಮಾತು ಬಿಟ್ರೆ ಬೇರೆ ಇಲ್ವಾ?"

ಬೈದುಕೊಂಡೇ ಹೊಲಿದೆ. ಅವಳು ಆ ಚೀಲಗಳನ್ನು ಹೆಗಲಿಗೆ ಹಾಕಿಕೊಂಡು ಮನೆ ಮನೆಗೆ ಹೋದಳು. ಯಾರ ಮನೆಯಲ್ಲಿ ಮಾತ್ರೆ ಇಲ್ಲ ಹೇಳಿ? ಒಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬರಿಗೆ ಬಿಪಿ, ಬಸುರಿಯರಿಗೆ ಕಬ್ಬಿಣದ ಮಾತ್ರೆ, ಮಂಡಿ ನೋವಿನ ಮುದುಕರಿಗೆ ಸುಣ್ಣದ ಮಾತ್ರೆ. ಎಲ್ಲರ ಮಾತ್ರೆಯನ್ನೂ ಪೊಟ್ಟಣದಿಂದ, ಡಬ್ಬಿಯಿಂದ ತೆಗೆಸಿ ನೀಲಿ ಚೌಕಳಿ ಚೀಲಕ್ಕೆ ಹಾಕಿಸಿ ಗೋಡೆಯ ಮೊಳೆಗೆ ತೂಗುಹಾಕಿಸಿದಳು. ಬೆಳಗ್ಗೆಯ ಮಾತ್ರೆ ಬೆಳಗ್ಗೆಯೇ ಇರಲಿ, ರಾತ್ರಿಯ ಊಟದ ಮಾತ್ರೆ ಮಾತ್ರ ತನ್ನ ಕೂಗಿಗೆ ಎಂದು ತಾಕೀತು ಮಾಡಿದಳು. ಆ ಸಂಜೆ ಎಂಟು ಗಂಟೆಗೆ ಸರಿಯಾಗಿ ಟ್ಯಾಂಕಿನ ಕಟ್ಟೆ ಹತ್ತಿ ನಿಂತಳು.

"ಎಂಟಾಯ್ತೂ! ಮಾತ್ರೆ ನುಂಗ್ರಪ್ಪೋ!"

ಬೀದಿಯ ನಾಯಿಗಳೆಲ್ಲ ಎದ್ದು ನಿಂತವು. ಚಹಾ ಅಂಗಡಿಯವನ ಕೈಯಿಂದ ಸೋಸುವ ಬಟ್ಟೆ ಜಾರಿತು. ಮೊದಲ ವಾರ ಜನ ಬೈದರು, ಎರಡನೆಯ ವಾರ ನಕ್ಕರು, ಮೂರನೆಯ ವಾರ ಗಡಿಯಾರ ನೋಡುವುದನ್ನೇ ಬಿಟ್ಟರು. ಕೂಗು ಬಿದ್ದರೆ ಸಾಕು, ಮನೆಮನೆಯಲ್ಲೂ ಕೈಗಳು ಮೊಳೆಯತ್ತ ಹೋಗುತ್ತಿದ್ದವು. ಹಾಲಿನಜ್ಜಿ ಬಿಪಿ ಮಾತ್ರೆಯನ್ನು ಮರೆಯುವುದರಲ್ಲಿ ಎತ್ತಿದ ಕೈ. ಈಗ ಅತ್ತೆ ಸೊಸೆ ಇಬ್ಬರೂ ಜಗಲಿಗೆ ಬಂದು, ಒಂದೇ ಚೊಂಬಿನ ನೀರಿನಲ್ಲಿ ಅವರವರ ಮಾತ್ರೆ ನುಂಗುತ್ತಿದ್ದರು. ಸೊಸೆಯದು ಕಬ್ಬಿಣದ ಮಾತ್ರೆ ಎಂದು ಎಲ್ಲರೂ ತಿಳಿದುಕೊಂಡಿದ್ದರು, ಚೀಲ ಹೊಲಿದ ನಾನೂ ಸೇರಿ. ಗುಟ್ಟನ್ನು ಮೆಲ್ಲಗೆ ಹೇಳಲು ಬಾರದವಳು ಅದನ್ನು ಇಡೀ ಊರಿನ ಗದ್ದಲದೊಳಗೆ ಬಚ್ಚಿಟ್ಟಿದ್ದಳು. ಈಗಲೂ ನೆನೆದರೆ ನನಗೆ ಅವಳ ಮೇಲೆ ಪ್ರೀತಿ ಉಕ್ಕಿ ಬರುತ್ತದೆ.

ಒಂದು ಕೂಗು ಕೈಹಿಡಿದ ಮೇಲೆ ಅವಳಿಗೆ ಧೈರ್ಯ ಬಂತು. ಬಸ್ ನಿಲ್ದಾಣದಲ್ಲಿ ಲಾರಿಯವರು ಸೇರುವ ಹೊತ್ತಿಗೆ ಹೋಗಿ ಪಾಠ ಶುರುಮಾಡಿದಳು. ಕಾಂಡೋಮ್ ಪೊಟ್ಟಣ ಎತ್ತಿ ಹಿಡಿದು ತರಕಾರಿ ಮಾರುವವರ ಹಾಗೆ ಕೂಗಿದಳು. ಗಂಡಸರು ತಲೆ ತಗ್ಗಿಸಿ ಟೈರು ನೋಡತೊಡಗಿದರೆ, "ನಾಚಿಕೆ ಆದ್ರೆ ಕಣ್ಣು ಮುಚ್ಕೊಳ್ಳಿ, ಕಿವಿ ಮುಚ್ಕೋಬೇಡಿ!" ಎನ್ನುವಳು. "ಲೋಟದಿಂದ ಬರಲ್ಲ! ತಟ್ಟೆಯಿಂದ ಬರಲ್ಲ! ಕೈ ಹಿಡಿದ್ರೆ ಬರಲ್ಲ, ಒಟ್ಟಿಗೆ ಕೂತ್ರೆ ಬರಲ್ಲ, ಸೊಳ್ಳೆಯಿಂದ ಬರಲ್ಲ! ಬರೋ ದಾರಿ ಬೇರೆ, ಅದನ್ನ ಹೇಳ್ತೀನಿ, ಓಡ್ಬೇಡಿ! ಬಸುರಿಗೆ ಇದ್ರೂ ಹೆದರ್ಬೇಡಿ, ತಾಯಿಗೆ ಮಾತ್ರೆ ಮಗುವಿಗೆ ಔಷಧಿ, ಮಗು ಚೆನ್ನಾಗಿರತ್ತೆ!" ಹಾಲಿನಜ್ಜಿ ಎಮ್ಮೆಯ ಹತ್ತಿರ ಕೂತಲ್ಲಿಂದಲೇ, "ಈ ಬಾಯಿಗೆ ಬೀಗ ಹಾಕೋರು ಯಾರೂ ಇಲ್ವಾ? ಎಮ್ಮೆ ಹಾಲು ಏರಿಸ್ಕೊಳ್ತಿದೆ!" ಎಂದು ತಿರುಗಿ ಕೂಗುತ್ತಿದ್ದಳು. ಲಾರಿಯವರು ಮಾತ್ರ ಒಬ್ಬೊಬ್ಬರಾಗಿ ಹಿಂದಿನಿಂದ ಬಂದು ಪೊಟ್ಟಣ ಜೇಬಿಗಿಳಿಸಿಕೊಂಡು ಹೋಗುತ್ತಿದ್ದರು. ಪರೀಕ್ಷೆಯ ವ್ಯಾನು ಬಂದ ದಿನ ಮೊದಲು ತೋಳು ಚಾಚಿದ್ದು ಚಹಾ ಅಂಗಡಿಯವನು. ಹಿಂದೆ ಲೋಟ ಕೊಡದವನೇ.

ಮಗು ಹುಟ್ಟಿತು. ಗಂಡು, ಕಪ್ಪಗೆ, ಗುಂಡಗೆ, ಅಜ್ಜಿಯದೇ ಮೂಗು. ಮೊದಲ ಪರೀಕ್ಷೆಗಳಲ್ಲಿ ಇಲ್ಲ ಎಂದೇ ಬಂತು. ಆದರೂ ಪೂರ್ತಿ ನಿಶ್ಚಿಂತೆಯಾಗಬೇಕಾದರೆ ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು, ಕೊನೆಯ ಪರೀಕ್ಷೆ ಆಗಬೇಕು ಎಂದರು. ಸೊಸೆ ಅದೊಂದು ದಿನಕ್ಕಾಗಿ ಜೀವ ಕೈಯಲ್ಲಿ ಹಿಡಿದು ಕಾದಳು. ಅವಳ ಗಂಡ ಎಲ್ಲೋ ದೂರದ ಊರಿನಲ್ಲಿ ಲಾರಿ ಬದಿಗೆ ಹಾಕಿ, ಅದೇ ಎಂಟಕ್ಕೆ ತನ್ನ ಮಾತ್ರೆ ನುಂಗಿ, ಮಗು ಏನು ಮಾಡುತ್ತಿದೆ ಎಂದು ಫೋನಿನಲ್ಲಿ ಕೇಳುತ್ತಿದ್ದ.

ಕೊನೆಯ ಪರೀಕ್ಷೆಗೆ ಸ್ವಲ್ಪ ದಿನ ಇರುವಾಗ ದೊಡ್ಡಮ್ಮನ ಗಂಟಲು ಕೈಕೊಟ್ಟಿತು. ಮೊದಲು ಕರಕರ ಎಂದಿತು, ಆಮೇಲೆ ಅರ್ಧ ಕೂಗಿನಲ್ಲೇ ನಿಂತುಹೋಯಿತು. ಪೇಟೆಯ ಡಾಕ್ಟರು ಒಳಗೆ ಗಂಟು ಬೆಳೆದಿದೆ ಎಂದು ತೆಗೆದರು. ಕೆಟ್ಟದ್ದೇನಲ್ಲ, ಕೂಗಿ ಕೂಗಿ ಆದದ್ದು. ಆದರೆ ಒಂದು ತಿಂಗಳು ಬಾಯಿ ಬಿಡಕೂಡದು, ಪಿಸುಮಾತೂ ಆಡಕೂಡದು ಎಂದರು. ಪಿಸುಮಾತಿನ ವಿಷಯ ಕೇಳಿ ದೊಡ್ಡಮ್ಮ ನನ್ನ ಮುಖ ನೋಡಿ ಕಣ್ಣು ಹೊಡೆದಳು. ನಗುವ ಹಾಗೂ ಇರಲಿಲ್ಲ, ಪಾಪ.

ಮನೆಗೆ ಬಂದ ಸಂಜೆ ಎಂಟಾಗುತ್ತಲೇ ತಟ್ಟೆ ಸೌಟು ಹಿಡಿದು ಟ್ಯಾಂಕಿನ ಕಟ್ಟೆ ಹತ್ತಿ ಢಣಢಣ ಬಾರಿಸಿದಳು. ಎಲ್ಲೋ ಬೆಂಕಿ ಬಿದ್ದಿದೆ ಎಂದುಕೊಂಡು ಜನ ಬಕೆಟ್ ಹಿಡಿದು ಓಡಿಬಂದರು. ಇಬ್ಬರು ಜಾರಿ ಬಿದ್ದರು. ತಟ್ಟೆ ಬಾರಿಸುವುದು ಅಲ್ಲಿಗೆ ಮುಗಿಯಿತು. ಮಾರನೆಯ ದಿನ ನಾನು ನಿಂತು ಕೂಗಿದೆ. ನನ್ನ ದನಿ ಎಣ್ಣೆ ಕಾಣದ ಹೊಲಿಗೆ ಯಂತ್ರದಂತೆ ಕಿರ್ರೆಂದಿತು, ಪಕ್ಕದ ಮನೆಯವರು ಮಾತ್ರ ಏನಾಯಿತೆಂದು ಇಣುಕಿದರು. ಅದರ ಮಾರನೆಯ ದಿನ ಯಾರೂ ಕೂಗಲಿಲ್ಲ.

ಆ ಸಂಜೆ ಹಾಲಿನಜ್ಜಿಯ ಮನೆಗೆ ಅವಳ ತಮ್ಮನ ಸಂಸಾರ ಬಂದಿತ್ತು. ಕೂಗು ಬಿದ್ದಿದ್ದರೆ ಎಲ್ಲರ ಹಾಗೆ ಸೊಸೆಯೂ ಎದ್ದು ಹೋಗಿ ಚೀಲ ತೆಗೆಯುತ್ತಿದ್ದಳು. ಈಗ ತಾನೊಬ್ಬಳೇ ಎದ್ದರೆ ಅದೇನು ಮಾತ್ರೆ, ಮಗು ಓಡಾಡುವಷ್ಟಾದರೂ ಇನ್ನೂ ಏಕೆ ಎಂದು ಯಾರಾದರೂ ಕೇಳುತ್ತಾರೆ. ನೆಂಟರು ಮಲಗುವವರೆಗೆ ಕಾದಳು. ಮೊಳೆ ಇದ್ದ ಕೋಣೆಯಲ್ಲೇ ನೆಂಟರು ಮಲಗಿದರು. ಮೊದಲ ಸಲ ಮಾತ್ರೆ ತಪ್ಪಿತು.

ಮರುದಿನ ಬೆಳಗ್ಗೆ ಅವಳು ಅಳುಮುಖ ಹೊತ್ತು ದೊಡ್ಡಮ್ಮನ ಹತ್ತಿರ ಓಡಿಬಂದಳು. ದೊಡ್ಡಮ್ಮ ಏನೂ ಹೇಳುವ ಹಾಗಿಲ್ಲ. ಅವಳ ಕೆನ್ನೆ ಹಿಡಿದು, ಇವತ್ತು ನುಂಗು, ಮುಂದೆ ತಪ್ಪಿಸಬೇಡ ಎಂದು ಸನ್ನೆ ಮಾಡಿದಳು. ಅವಳು ಹೋದ ಮೇಲೆ ಮೂಲೆಯಲ್ಲಿ ಕೂತು ಗಂಟಲು ಹಿಡಿದುಕೊಂಡು ಕಣ್ಣೀರು ಹಾಕಿದಳು. ಏನು ವಿಷಯವೆಂದು ನನಗೆ ಇನ್ನೂ ತಿಳಿದಿರಲಿಲ್ಲ, ಆದರೂ ನನಗೂ ಅಳು ಬಂತು.

ಅವತ್ತು ಸಂಜೆ ನಡೆದದ್ದನ್ನು ಎಷ್ಟೋ ದಿನಗಳ ಮೇಲೆ ಸೊಸೆಯೇ ನನಗೆ ಹೇಳಿದ್ದು. ನೆಂಟರು ಹೊರಟಿದ್ದರು. ಎಂಟು ಗಂಟೆಯಾಯಿತು, ಬೀದಿ ಸದ್ದಿಲ್ಲದೆ ಇತ್ತು. ಅವಳು ಎದ್ದಳು, ಅತ್ತೆ ನೋಡುತ್ತಿದ್ದದ್ದನ್ನು ಕಂಡು ಮತ್ತೆ ಕೂತಳು. ಅಷ್ಟರಲ್ಲಿ ಹಾಲಿನಜ್ಜಿ ಮೊಳೆಯಿಂದ ಎರಡೂ ಚೀಲ ತಂದು ಅವಳ ಮುಂದೆ ಕುಕ್ಕಿದಳು.

"ಅವಳು ಕೂಗದಿದ್ರೆ ನುಂಗಲ್ವೇನೇ? ನಿನ್ನೆ ತಪ್ಪಿಸಿದೀಯ."

"ಕಬ್ಬಿಣದ ಮಾತ್ರೆ ಅಲ್ವಾ ಅತ್ತೆ, ಒಂದು ದಿನ..."

"ಇಷ್ಟು ಕಬ್ಬಿಣ ತಿಂದಿದ್ರೆ ನೀನು ಇಷ್ಟೊತ್ತಿಗೆ ರೈಲು ಹಳಿ ಆಗ್ಬೇಕಿತ್ತು. ನಾನು ಹಾಲು ಮಾರೋಳು. ನೀರು ಬೆರೆಸಿದ್ರೆ ಗೊತ್ತಾಗಲ್ವಾ ನನಗೆ?"

ಸೊಸೆ ತನ್ನ ಚೀಲವನ್ನು ಮಡಿಲಿಗೆಳೆದುಕೊಂಡಳು. ಯಾವಾಗಿನಿಂದ ಗೊತ್ತು ಎಂದು ಕೇಳಿದಳು.

"ಮಗೂಗೆ ದಿನಾ ಹನಿ ಹಾಕ್ತಿದ್ಯಲ್ಲ, ಆವಾಗಿಂದ. ತಾಯಿಗೆ ಮಾತ್ರೆ ಮಗುವಿಗೆ ಔಷಧಿ ಅಂತ ಆ ಮೈಕಮ್ಮ ಕಿರುಚಿದ್ದು ನನ್ನ ಎಮ್ಮೆಗೂ ಬಾಯಿಪಾಠ ಆಗಿದೆ. ಸುಳ್ಳು ಯಾಕೆ ಹೇಳ್ಲಿ, ಹೆದರಿದ್ದೆ. ಸ್ವಲ್ಪ ದಿನ ನಿನ್ನ ಲೋಟಾನ ಪಕ್ಕಕ್ಕೆ ಇಟ್ಟಿದ್ದೆ. ಆಮೇಲೆ ಮತ್ತೆ ಕೂಗಿದ್ಳು, ಲೋಟದಿಂದ ಬರಲ್ಲ ಅಂತ. ತಂದು ಎಲ್ಲಾದ್ರ ಜೊತೆ ಸೇರಿಸ್ದೆ."

"ಮತ್ತೆ ಯಾಕೆ ಏನೂ ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ. ನಿನಗೆ ಬಾಯಿ ಇದ್ರೆ ತಾನೇ! ಮೊದ್ಲು ನುಂಗು."

ನುಂಗಿದಳು. ಆಮೇಲೆ ಅತ್ತೆಯ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಅಳುವುದನ್ನೂ ಮೆಲ್ಲಗೆ ಅತ್ತಳು.

ಪರೀಕ್ಷೆಯ ಫಲಿತಾಂಶ ತಿಳಿಯುವ ದಿನ ದೊಡ್ಡಮ್ಮ, ಹಾಲಿನಜ್ಜಿಯ ಸೊಸೆ ಮತ್ತು ಮಗು ಪೇಟೆಗೆ ಹೋದರು. ಮಾತಾಡಲಾಗದವಳ ಜೊತೆಗಿರಲಿ ಎಂದು ನನ್ನನ್ನೂ ಕರೆದರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಸೊಸೆ ನನ್ನ ಕಡೆ ವಾಲಿ, ತಾನು ಯಾಕೆ ಬಂದಿದ್ದೇನೆಂದು ಮೆಲ್ಲಗೆ ಹೇಳಿದಳು. ಆಗ ನನಗೆ ನೀಲಿ ಚೀಲಗಳು, ಎಂಟರ ಕೂಗು, ಆ ಎರಡು ದಿನದ ಮೌನ, ಎಲ್ಲ ಅರ್ಥವಾಯಿತು. ನಾನು ದೊಡ್ಡಮ್ಮನನ್ನು ನೋಡಿದೆ. ಅವಳು ಏನೂ ಗೊತ್ತಿಲ್ಲದವಳ ಹಾಗೆ ಮಗುವಿನ ಮೂಗು ಒರೆಸುತ್ತಿದ್ದಳು.

ಒಳಗೆ ಕರೆದರು. ನರ್ಸಮ್ಮ ನಗುತ್ತಲೇ ಬಾಗಿಲು ತೆರೆದದ್ದರಿಂದ ಕೇಳುವ ಮೊದಲೇ ಗೊತ್ತಾಯಿತು. ಮಗುವಿಗೆ ಎಚ್‌ಐವಿ ಇಲ್ಲ. ಇನ್ನು ಅವನಿಗೆ ಈ ಪರೀಕ್ಷೆ ಬೇಡ, ನಿಮ್ಮ ಮಾತ್ರೆ ಮಾತ್ರ ಮುಂದುವರಿಯಲಿ ಎಂದರು. ಸೊಸೆ ಹೂಂ ಎಂದಳು. ಬಸ್ಸಿನಲ್ಲಿ ಮಗುವನ್ನು ಅವುಚಿಕೊಂಡು ಕಿಟಕಿಯಾಚೆ ನೋಡುತ್ತಲೇ ಇದ್ದಳು.

ಬಸ್ಸು ತಡವಾಗಿ, ಊರು ಮುಟ್ಟುವ ಹೊತ್ತಿಗೆ ಎಂಟಾಯಿತು. ಟ್ಯಾಂಕಿನ ಹತ್ತಿರ ಬಂದಾಗ ದೊಡ್ಡಮ್ಮ ಅಭ್ಯಾಸಬಲದಿಂದ ಕಟ್ಟೆ ಹತ್ತಿ ಉಸಿರು ಎಳೆದುಕೊಂಡಳು. ಡಾಕ್ಟರು ಹೇಳಿದ ತಿಂಗಳು ಇನ್ನೂ ಮುಗಿದಿರಲಿಲ್ಲ. ಅಷ್ಟರಲ್ಲಿ ಸೊಸೆ ಚಕ್ಕನೆ ಹೋಗಿ ಅವಳ ಬಾಯಿಗೆ ಕೈ ಅಡ್ಡ ಇಟ್ಟಳು. ಅವಳನ್ನು ಕೆಳಗಿಳಿಸಿ ಮಗುವನ್ನು ಅವಳ ಕೈಗೆ ಕೊಟ್ಟು ತಾನು ಕಟ್ಟೆ ಹತ್ತಿದಳು. ಮೊದಲ ಸಲ ಬರೀ ಗಾಳಿ ಬಂತು. ಕಣ್ಣು ಮುಚ್ಚಿದಳು.

"ಎಂಟಾಯ್ತೂ! ಮಾತ್ರೆ ನುಂಗ್ರಪ್ಪೋ!"

ತರಕಾರಿಯವನಿಂದ ಏನಂದ್ರಿ ಎಂದು ಎರಡೆರಡು ಸಲ ಕೇಳಿಸಿಕೊಳ್ಳುತ್ತಿದ್ದ ಹೆಂಗಸು ಅವಳು! ಆ ದನಿಯಲ್ಲಿ ಎರಡು ವರ್ಷದ ಸಿಟ್ಟಿತ್ತು, ಭಯವಿತ್ತು, ಆ ದಿನದ ಸಂತೋಷವೂ ಇತ್ತು. ಬಾಗಿಲುಗಳು ತೆರೆದವು. ಚಹಾ ಅಂಗಡಿಯವನು ಹೊರಗೆ ಬಂದು ನಿಂತ. ಹಾಲಿನಜ್ಜಿ ಎರಡು ಚೀಲ, ಒಂದು ಚೊಂಬು ಹಿಡಿದು ಜಗಲಿಯಿಂದ ಓಡಿಬಂದು, ಸೊಸೆಯ ಮುಖವನ್ನೂ ಮಗುವನ್ನೂ ನೋಡಿ ತಿಳಿದುಕೊಂಡಳು. ಚೊಂಬಿನ ನೀರು ಅರ್ಧ ಚೆಲ್ಲಿತು. "ಇಂಥಾ ಗಂಟಲನ್ನ ಇಷ್ಟು ದಿನ ಎಲ್ಲಿಟ್ಟಿದ್ಯೇ?" ಎಂದು ಬೈದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಈಗ ದಿನವೂ ಕೂಗುವವಳು ಆ ಸೊಸೆಯೇ. ಬಸ್ ನಿಲ್ದಾಣದ ಪಾಠವೂ ಅವಳದೇ. ಲಾರಿಯವರ ಮುಂದೆ ನಿಂತು ತನ್ನ ಕಥೆಯನ್ನೇ ಹೇಳುತ್ತಾಳೆ. ಮೊದಲ ದಿನ ಹೇಳಿದಾಗ ಮರುದಿನ ಬೆಳಗ್ಗೆ ಹಾಲು ಕೊಳ್ಳಲು ಯಾರಾದರೂ ಬರುತ್ತಾರೋ ಇಲ್ಲವೋ ಎಂದು ನಾವೆಲ್ಲ ಕಿಟಕಿಯಲ್ಲಿ ಕಾದಿದ್ದೆವು. ಇಬ್ಬರು ಮೂವರು ಬರಲಿಲ್ಲ, ಆಮೇಲೆ ಬಂದರು. ಉಳಿದವರು ಎಂದಿನಂತೆ ಪಾತ್ರೆ ಹಿಡಿದು ನಿಂತು, ಅಳತೆ ಕಡಿಮೆಯಾಯಿತೆಂದು ಎಂದಿನಂತೆಯೇ ಜಗಳ ಆಡಿದರು.

ಆದರೆ ನಾನು ಹೇಳಬೇಕೆಂದಿದ್ದು ಸೊಸೆಯ ಆ ಮೊದಲ ಕೂಗಿನ ಸಂಜೆಯದು. ಬೀದಿಯೆಲ್ಲ ಮಾತ್ರೆ ನುಂಗಿ ಒಳಗೆ ಹೋಗುತ್ತಿತ್ತು. ದೊಡ್ಡಮ್ಮ ಮಗುವನ್ನು ಎದೆಗೆ ಒತ್ತಿಕೊಂಡು, ಕೆನ್ನೆಯ ಮೇಲೆ ನೀರು ಸುರಿಯುತ್ತಿದ್ದರೂ ಒರೆಸದೆ ನಿಂತಿದ್ದಳು. ಇದ್ದಕ್ಕಿದ್ದಂತೆ ನನ್ನ ಕಡೆ ಬಗ್ಗಿ, ಡಾಕ್ಟರ ಮಾತು ಮೀರಿ, ನನ್ನ ಕಿವಿಗೆ ತುಟಿ ಹಚ್ಚಿದಳು. ತೋಳಿನಲ್ಲಿದ್ದ ಮಗುವಿಗೂ ಕೇಳಿಸದಷ್ಟು ಮೆಲ್ಲಗೆ, ಜನ್ಮದಲ್ಲಿ ಮೊದಲ ಸಲ ಸರಿಯಾಗಿ ಪಿಸುಗುಟ್ಟಿದಳು.

"ಇನ್ನೂ ಸ್ವಲ್ಪ ಜೋರಾಗಿ ಕೂಗೋಕೆ ಹೇಳೇ. ಆ ಭಟ್ಟಿಯವರು ಈಗ ಎಲ್ಲಿದ್ದಾರೋ, ಅಲ್ಲೀ ತನಕ ಕೇಳ್ಬೇಕು."